ಐದು ಗಂಟೆಗೆ ನಿಂತುಹೋದ ಫುಟ್‌ಬಾಲ್

೬ ಅಕ್ಟೋಬರ್ ೧೯೯೮, ಮಂಗಳವಾರ

ಭದ್ರಾವತಿಯ ಸಮಸ್ತ ನಾಗರಿಕರಿಗೂ, ಓಲ್ಡ್ ಟೌನಿನ ಹಿರಿಯರಿಗೂ, ಮುಂದೆ ಹುಟ್ಟಲಿರುವ ಪೀಳಿಗೆಗಳಿಗೂ ಈ ಮೂಲಕ ತಿಳಿಯಪಡಿಸುವುದೇನೆಂದರೆ: ಇಂದು ಸಂಜೆ ಐದೂಮುಕ್ಕಾಲಿಗೆ ನಮ್ಮ ಕಾಲೇಜಿನ ಗ್ರಂಥಾಲಯದ ಪಶ್ಚಿಮದ ಕಿಟಕಿಯನ್ನು ಮುಚ್ಚಲಾಗಿದೆ.

ಮುಚ್ಚಿದವಳು ಗ್ರಂಥಪಾಲಕಿ ವಿಮಲಾ, ಅಂದರೆ ನಾನು. ಹದಿನಾಲ್ಕು ವರ್ಷಗಳಲ್ಲಿ ಒಂದು ದಿನವೂ ಮುಚ್ಚದ ಕಿಟಕಿ. ತುಕ್ಕು ಹಿಡಿದ ಬಾಗಿಲು ಜಪ್ಪಯ್ಯ ಅನ್ನಲಿಲ್ಲ. ಅಟೆಂಡರ್ ಪುಟ್ಟಯ್ಯ ಕೊಬ್ಬರಿ ಎಣ್ಣೆ ಬಿಟ್ಟು, ಭುಜ ಕೊಟ್ಟು ನೂಕಿದ ಮೇಲೆ ಅದು ಬಸ್ಸಿನ ಬ್ರೇಕಿನಂತೆ ಕಿರುಚಿ ಮುಚ್ಚಿಕೊಂಡಿತು. ಈ ಪುಟ್ಟಯ್ಯನೇ ನಮ್ಮ ಫುಟ್‌ಬಾಲ್ ತಂಡದ ಸಹಾಯಕ ಕೋಚ್ ಕೂಡ. ಅರ್ಹತೆ: ಚೆಂಡು ಇಡುವ ಕೋಣೆಯ ಬೀಗದಕೈ ಅವನ ಹತ್ತಿರ ಇದೆ.

ಆ ಕಿಟಕಿಯಿಂದ ಮೈದಾನ ಕಾಣುತ್ತದೆ. ಇನ್ನು ಮೇಲೆ ನಾನು ನೋಡುವುದಿಲ್ಲ.

ನಡೆದದ್ದನ್ನು ಬರೆದಿಡುತ್ತೇನೆ. ಇಂದು ಶಿವಮೊಗ್ಗದ ಕಾಲೇಜೊಂದರ ಜತೆ ಸ್ನೇಹಪಂದ್ಯವಿತ್ತು. ಒಂದು–ಒಂದು ಗೋಲಿನಲ್ಲಿ ಸಮವಾಗಿತ್ತು. ನಮ್ಮ ಹುಡುಗರು ದಿನವೂ ನಾಲ್ಕಕ್ಕೆ ಅಭ್ಯಾಸ ಶುರುಮಾಡಿ, ಐದಕ್ಕೆ ಕಾರ್ಖಾನೆಯ ಸೈರನ್ ಕೂಗಿದಾಗ ಮುಗಿಸುವುದು ಪದ್ಧತಿ. ಕೋಚ್ ಏಕಾಂತಪ್ಪ ಎಂಬ ಮನುಷ್ಯ ಕೈಗೆ ಗಡಿಯಾರ ಕಟ್ಟುವವರಲ್ಲ. ಇಂದೂ ಐದಕ್ಕೆ ಸರಿಯಾಗಿ ಸೈರನ್ ಕೂಗಿತು. ಆಟ ಮುಗಿಯಲು ಇನ್ನೂ ಇಪ್ಪತ್ತು ನಿಮಿಷವಿತ್ತು. ನಮ್ಮ ಹನ್ನೊಂದು ಜನರೂ ಕಾಲು ನಿಲ್ಲಿಸಿದರು. ಗೋಲ್‌ಕೀಪರ್ ಕೈಗವಸು ಕಳಚಿ ಸೈಕಲ್ಲಿನ ಕಡೆ ನಡೆದ. ಪುಟ್ಟಯ್ಯ ನೀರಿನ ಕೊಡ ಎತ್ತಿಕೊಂಡ. ಚೆಂಡು ಕಾಲಲ್ಲಿದ್ದ ಶಿವಮೊಗ್ಗದ ಹುಡುಗ ಒಳ್ಳೆಯವನು, ಯಾರೋ ದೊಡ್ಡವರು ತೀರಿಕೊಂಡಿರಬೇಕೆಂದು ತಾನೂ ತಲೆ ತಗ್ಗಿಸಿ ಸ್ವಲ್ಪ ಹೊತ್ತು ನಿಂತ. ಆಮೇಲೆ ಅನುಮಾನ ಬಂದು ಅತ್ತಿತ್ತ ನೋಡಿದ. ಯಾರೂ ಬೇಡ ಅನ್ನದಿದ್ದುದರಿಂದ ಚೆಂಡನ್ನು ಖಾಲಿ ಗೋಲಿನೊಳಕ್ಕೆ ಮೆಲ್ಲಗೆ ಉರುಳಿಸಿದ.

ಎರಡು–ಒಂದು. ಅಪ್ಪನ ಹೆಗಲ ಮೇಲೆ ಕೂತು ಕಾರ್ಖಾನೆ ತಂಡದ ಆಟ ನೋಡಿ ಬೆಳೆದವಳು ನಾನು. ಇದನ್ನು ನೋಡಲು ಬದುಕಿರಬೇಕಿತ್ತೆ?

೭ ಅಕ್ಟೋಬರ್, ಬುಧವಾರ

ಕಿಟಕಿ ತೆರೆದೆ. ಗಾಳಿಗಾಗಿ ಮಾತ್ರ.

ಕಣ್ಣು ತಾನಾಗಿಯೇ ಹೊರಗೆ ಹೋದರೆ ನಾನೇನು ಮಾಡಲಿ. ಏಕಾಂತಪ್ಪ ಮೂಲತಃ ಕಬಡ್ಡಿಯವರು. ನಮ್ಮ ರಕ್ಷಣಾ ಆಟಗಾರರು ಕೈ ಕೈ ಹಿಡಿದು ಅರ್ಧಚಂದ್ರಾಕಾರವಾಗಿ ನಿಲ್ಲುತ್ತಾರೆ. ಮುಂದಿನ ಸಾಲಿನವರು ಎದುರಾಳಿಯ ಅಂಗಳಕ್ಕೆ ನುಗ್ಗಿ, ಯಾರನ್ನಾದರೂ ಮುಟ್ಟಿದಂತೆ ಮಾಡಿ, ಮಧ್ಯದ ಗೆರೆಗೆ ಓಡಿ ಬರುತ್ತಾರೆ. ಚೆಂಡು ಅಲ್ಲೇ ಇರುತ್ತದೆ, ಅನಾಥ ಶಿಶುವಿನಂತೆ. ಬೇಲಿಯಾಚೆ ದಿನವೂ ಕೊಡೆ ಊರಿ ನಿಲ್ಲುವ ಸೆಲ್ವರಾಜ್ ಮಾಮ, ಕಾರ್ಖಾನೆಯಿಂದ ನಿವೃತ್ತರಾದ ಫಿಟ್ಟರ್, ಅಪ್ಪನ ಜತೆ ಆಡಿದವರು. ಇಂದು ನನ್ನ ಕಿಟಕಿಯ ಕಡೆ ತಿರುಗಿ, ಉಸಿರು ಹಿಡಿದು ಆಡುವ ಫುಟ್‌ಬಾಲನ್ನು ಪ್ರಪಂಚದಲ್ಲಿ ಮೊದಲು ಕಂಡುಹಿಡಿದದ್ದು ನಮ್ಮ ಊರೇ ಎಂದು ಘೋಷಿಸಿದರು.

ಅಂತರ ಕಾಲೇಜು ಪಂದ್ಯಾವಳಿಯಲ್ಲಿ ನಾವು ಒಂಬತ್ತು ವರ್ಷದಿಂದ ಮೊದಲ ಸುತ್ತಿನಲ್ಲೇ ಸೋಲುತ್ತಿದ್ದೇವೆ. ಅದರಲ್ಲಿ ಆರು ವರ್ಷ ಈ ಮಹಾನುಭಾವರದು. ಇನ್ನು ಸುಮ್ಮನಿರುವುದು ಪಾಪ. ಪ್ರಿನ್ಸಿಪಾಲರಿಗೆ ಅರ್ಜಿ ಬರೆಯುತ್ತೇನೆ.

೯ ಅಕ್ಟೋಬರ್, ಶುಕ್ರವಾರ

ಅರ್ಜಿ ಬರೆದಾಯಿತು. ಮೂರು ಪುಟ. ನನಗೇ ಗೊತ್ತಿಲ್ಲದ ಸೊಗಸು ನನ್ನ ಲೇಖನಿಯಲ್ಲಿತ್ತು. ನಮ್ಮ ಮನೆಯವರು ಹೈಸ್ಕೂಲಿನಲ್ಲಿ ಸಂಸ್ಕೃತದ ಮೇಷ್ಟ್ರು, ನರಸಿಂಹಮೂರ್ತಿ. ಎರಡು ಸಲ ಓದಿ, ವ್ಯಾಕರಣ ಚೆನ್ನಾಗಿದೆ, ಆದರೆ ಕೊನೆಯ ಸಾಲು ಸ್ವಲ್ಪ ನೋಡು ಎಂದರು. ಕೊನೆಯ ಸಾಲು ಇದು: “ತರಬೇತಿ ವ್ಯವಸ್ಥೆಯು ಸಂಪೂರ್ಣ ವಿಫಲವಾಗಿರುವುದರಿಂದ ತಾವು ಸೂಕ್ತ ಕ್ರಮ ಕೈಗೊಳ್ಳಬೇಕಾಗಿ ವಿನಂತಿ.” ಅದರಲ್ಲಿ ನೋಡುವುದೇನಿದೆ. ಎಲ್ಲ ಅರ್ಜಿಯೂ ಹಾಗೇ ಮುಗಿಯುವುದು.

ಮಗಳು ಕವನಾ ಪಿಯುಸಿ ಪರೀಕ್ಷೆಗೆ ಓದುವುದನ್ನು ಬಿಟ್ಟು, “ಅಮ್ಮ, ಪಾಪ ಆ ಸಾರು,” ಅಂದಳು. ಈಗಿನ ಮಕ್ಕಳಿಗೆ ಆಟದ ಗಾಂಭೀರ್ಯ ಗೊತ್ತಿಲ್ಲ.

೧೪ ಅಕ್ಟೋಬರ್, ಬುಧವಾರ

ಅರ್ಜಿ ವಾಪಸ್ ಬಂತು, ಅಂಚಿನಲ್ಲಿ ಪ್ರಿನ್ಸಿಪಾಲರ ಹಸಿರು ಶಾಯಿಯ ಟಿಪ್ಪಣಿಯೊಂದಿಗೆ. ಅಕ್ಷರಶಃ ನಕಲು ಮಾಡುತ್ತಿದ್ದೇನೆ:

“ಗ್ರಂಥಪಾಲಕರ ಅರ್ಜಿಯನ್ನು ಪರಿಶೀಲಿಸಲಾಗಿ, ತರಬೇತಿ ವಿಫಲವಾಗಿರುವುದು ಮನವರಿಕೆಯಾಗಿದೆ. ಮುಂದಿನ ತಿಂಗಳ ಪಂದ್ಯಾವಳಿಯ ಮೊದಲ ಸುತ್ತಿನಲ್ಲಿ ಈ ಸಲವೂ ಸೋತಲ್ಲಿ ಫುಟ್‌ಬಾಲ್ ತಂಡವನ್ನು ರದ್ದುಪಡಿಸಿ, ಮೈದಾನವನ್ನು ಸೈಕಲ್ ಮತ್ತು ಸ್ಕೂಟರ್ ನಿಲುಗಡೆಗೆ ಬಳಸತಕ್ಕದ್ದು.”

ಓಡಿದೆ. ಸಾರ್, ನಾನು ಕೇಳಿದ್ದು ತರಬೇತಿ ಸುಧಾರಿಸಲಿ ಎಂದು, ತಂಡವನ್ನೇ ತೆಗೆಯಿರಿ ಎಂದಲ್ಲ ಎಂದೆ. ಪ್ರಿನ್ಸಿಪಾಲರು ಕನ್ನಡಕ ಮೇಲೇರಿಸಿ ನನ್ನ ಕೊನೆಯ ಸಾಲಿನ ಮೇಲೆ ಬೆರಳಿಟ್ಟರು.

“ಸೂಕ್ತ ಕ್ರಮ ಅಂತ ನೀವೇ ಬರ್ದಿದೀರಲ್ಲ ಮೇಡಂ. ನಮಗೆ ಸೂಕ್ತ ಅನ್ಸಿದ್ದು ಇದು.”

ಕಚೇರಿಯ ಕೈಗೆ ‘ಸೂಕ್ತ ಕ್ರಮ’ ಕೊಡುವುದೆಂದರೆ ಮಂಗನ ಕೈಗೆ ಕುಡುಗೋಲು ಕೊಟ್ಟಂತೆ.

೧೫ ಅಕ್ಟೋಬರ್, ಗುರುವಾರ

ಊಟ ಸೇರಲಿಲ್ಲ. ಕಿಟಕಿ ತೆರೆದೇ ಇತ್ತು.

೧೭ ಅಕ್ಟೋಬರ್, ಶನಿವಾರ

ಮೈದಾನಕ್ಕೆ ಇಳಿದೆ. ಹದಿನಾಲ್ಕು ವರ್ಷದಲ್ಲಿ ಮೊದಲ ಬಾರಿ. ಮೇಲಿನಿಂದ ಹಸಿರಾಗಿ ಕಾಣುತ್ತಿದ್ದುದೆಲ್ಲ ಹತ್ತಿರದಿಂದ ಬರೀ ಗರಿಕೆ ಮತ್ತು ಮುಟ್ಟಿದರೆ ಮುನಿ.

ಏಕಾಂತಪ್ಪನವರು ಗೋಲಿನ ಹರಿದ ಬಲೆಗೆ ಸುತಳಿ ಕಟ್ಟುತ್ತ ಕೂತಿದ್ದರು. ಕ್ಷಮೆ ಕೇಳಬೇಕೆಂದು ಹೋದವಳು ಮೊದಲು ಜಗಳ ತೆಗೆದೆ. ಆರು ವರ್ಷವಾದರೂ ಹುಡುಗರಿಗೆ ಆಫ್‌ಸೈಡ್ ಅಂದರೇನು ಎಂದು ಹೇಳಿಕೊಟ್ಟಿಲ್ಲ ಏಕೆ ಎಂದು ಕೇಳಿದೆ. ಅವರು ಗಂಟು ಬಿಗಿದು, ಹಲ್ಲಿನಲ್ಲಿ ಸುತಳಿ ಕಡಿದು, ತಲೆಯೆತ್ತಿದರು.

“ನಂಗೂ ಗೊತ್ತಿಲ್ವಲ್ಲ ಮೇಡಮ್ಮೋರೆ. ನಾನು ಕುಂಸಿ ಕಡೆ ಕಬಡ್ಡಿ ಆಡ್ಕೊಂಡು ಬಂದೋನು. ಕಬಡ್ಡಿಗೆ ಅಂತ್ಲೇ ಕರ್ಕೊಂಡ್ರು. ಬಂದ್ಮೇಲೆ ಈ ಎರಡು ಕಂಬ ತೋರ್ಸಿ, ಇದೂ ನಿಮ್ದೇ ಅಂದ್ರು.”

“ಯಾರನ್ನಾದ್ರೂ ಕೇಳ್ಬಹುದಿತ್ತಲ್ಲ?”

“ಕೇಳಿದ್ರೆ ಗೊತ್ತಿಲ್ಲ ಅಂತ ಗೊತ್ತಾಗ್ತದಲ್ಲ. ಈಗ ನಿಮ್ ಅರ್ಜಿಯಿಂದ ಹೆಂಗೂ ಎಲ್ರಿಗೂ ಗೊತ್ತಾಯ್ತು. ಒಂಥರಾ ಹಗುರಾಯ್ತು ಮಾರಾಯ್ರೆ.”

ಮತ್ತೆ ಬಲೆಗೆ ಕೈಹಾಕಿದರು. ನಾನು ವಾಪಸ್ ಬಂದು ಕಪಾಟು ಹುಡುಕಿದೆ. ೧೯೭೧ರಲ್ಲಿ ಕೊಂಡ, ಫುಟ್‌ಬಾಲ್ ಕಲಿಸುವ ಬಗೆಗಿನ ಇಂಗ್ಲಿಷ್ ಪುಸ್ತಕವೊಂದು ಸಿಕ್ಕಿತು. ಒಳಗಿನ ಚೀಟಿಯಲ್ಲಿ ಒಂದೇ ಒಂದು ತಾರೀಖಿನ ಮುದ್ರೆಯೂ ಇಲ್ಲ. ಇಪ್ಪತ್ತೇಳು ವರ್ಷದಲ್ಲಿ ಯಾರೂ ಮುಟ್ಟಿಲ್ಲ, ಪುಸ್ತಕ ತಿನ್ನುವ ಹುಳುಗಳನ್ನು ಬಿಟ್ಟು.

ಏಕಾಂತಪ್ಪನವರಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ನಾನೇ ಕನ್ನಡಕ್ಕೆ ಮಾಡಿಕೊಡುತ್ತೇನೆ ಎಂದಿದ್ದೇನೆ. ಇದು ಗ್ರಂಥಾಲಯ ಸೇವೆ. ಫುಟ್‌ಬಾಲಿಗೂ ನನಗೂ ಸಂಬಂಧವಿಲ್ಲ.

೨೧ ಅಕ್ಟೋಬರ್, ಬುಧವಾರ

ದೀಪಾವಳಿ ಮುಗಿಯಿತು. ಕರ್ಜಿಕಾಯಿ ಕರಿಯುತ್ತಲೇ ಮೂರು ಅಧ್ಯಾಯ ಅನುವಾದಿಸಿದೆ. ಪುಟ ನಲವತ್ತರ ಮೇಲೆ ಎಣ್ಣೆಯ ಕಲೆ. ಬೇರೆಯವರು ಮಾಡಿದ್ದರೆ ದಂಡ ಹಾಕುತ್ತಿದ್ದೆ.

ಆಫ್‌ಸೈಡ್ ಎಂಬಲ್ಲಿ ಅನುವಾದ ಎರಡು ದಿನ ನಿಂತಿತು. ನಮ್ಮ ಮನೆಯವರು ‘ಅಕಾಲಾಗ್ರಗಮನ’ ಎಂಬ ಪದವನ್ನು ದಯಪಾಲಿಸಿದರು. ಏಕಾಂತಪ್ಪನವರು ಅದನ್ನು ಒಂದು ಸಲ ಉಚ್ಚರಿಸಿ ನೀರು ಕುಡಿದರು. ಕಡೆಗೆ ಬಿಡಿಸಿದವನು ಪುಟ್ಟಯ್ಯ. ಮದುವೆಮನೆಯಲ್ಲಿ ಎಲೆ ಹಾಕುವ ಮುಂಚೆಯೇ ಹೋಗಿ ಪಂಕ್ತಿಯಲ್ಲಿ ಕೂರುವುದಿಲ್ಲವೇ, ಅದೇ ಇದು. ಎಲೆ ಬೀಳುವ ತನಕ ಎಲ್ಲರ ಜತೆ ಬಾಗಿಲಲ್ಲಿ ನಿಂತಿರಬೇಕು, ಬಿದ್ದ ಮೇಲೆ ಓಡಬಹುದು. ಚೆಂಡು ಒದೆಯುವುದೆಂದರೆ ಎಲೆ ಹಾಕಿದಂತೆ.

ಹುಡುಗರಿಗೆ ಐದು ನಿಮಿಷದಲ್ಲಿ ಅರ್ಥವಾಯಿತು. ಸಹಾಯಕ ಕೋಚ್ ಹುದ್ದೆಗೆ ಬೀಗದಕೈಯೊಂದೇ ಅರ್ಹತೆಯಲ್ಲ ಎಂದು ಇಲ್ಲಿ ದಾಖಲಿಸುತ್ತೇನೆ.

೨ ನವೆಂಬರ್, ಸೋಮವಾರ

ಸೈರನ್ ರೋಗಕ್ಕೆ ಚಿಕಿತ್ಸೆ ಶುರು. ಸೂತ್ರ ಸರಳ, ಹೇಳಿದವರು ಸೆಲ್ವರಾಜ್ ಮಾಮ: ಅಭ್ಯಾಸ ನಾಲ್ಕೂವರೆಗೆ ಆರಂಭ, ಐದೂವರೆಗೆ ಮುಕ್ತಾಯ. ಸೈರನ್ ನಡುವೆ ಕೂಗಿಕೊಳ್ಳಲಿ.

ಇಂದು ಕೂಗಿದಾಗ ಹನ್ನೊಂದರಲ್ಲಿ ಒಂಬತ್ತು ಜನ ನಿಂತರು. ಮಿಕ್ಕ ಇಬ್ಬರೂ ಅವರಿಗೆ ಡಿಕ್ಕಿ ಹೊಡೆದು ನಿಂತರು.

೫ ನವೆಂಬರ್, ಗುರುವಾರ

ನಾಲ್ವರು ನಿಂತರು.

ಮುರಳಿ ನಿಲ್ಲಲಿಲ್ಲ. ಮುರಳಿ ನಮ್ಮ ನಾಯಕ, ಅಂತಿಮ ಬಿ.ಎ. ಚೆಂಡು ಅವನ ಕಾಲಿಗೆ ಬೆಲ್ಲಕ್ಕೆ ಇರುವೆ ಅಂಟಿದಂತೆ ಅಂಟುತ್ತದೆ. ನಾನು ಹದಿನಾಲ್ಕು ವರ್ಷದಲ್ಲಿ ಕಂಡ ಹುಡುಗರಲ್ಲಿ ಇಂಥವನಿಲ್ಲ. ನಾವೇನಾದರೂ ಉಳಿದರೆ ಇವನಿಂದ. ಏಕಾಂತಪ್ಪನವರು ಮಾತ್ರ ಆನಂದ್ ಎಂಬ ಬಿ.ಕಾಂ. ಕಡ್ಡಿಯನ್ನು ಓಡಿಸುತ್ತಲೇ ಇದ್ದಾರೆ. ಅವನಿಗೆ ಓಡುವುದು ಬರುತ್ತದೆ, ಚೆಂಡನ್ನು ಜತೆಗೆ ಕರೆದೊಯ್ಯಬೇಕು ಎಂಬುದು ಮರೆಯುತ್ತದೆ. ಇದೇನು ಆಯ್ಕೆಯೋ. ಆದರೂ ಕೋಚ್ ಅವರು, ನಾನು ಬರೀ ಅನುವಾದಕಿ.

೯ ನವೆಂಬರ್, ಸೋಮವಾರ

ಸೈರನ್ನಿಗೆ ಯಾರೂ ನಿಲ್ಲಲಿಲ್ಲ. ಪುಟ್ಟಯ್ಯ ಮಾತ್ರ ಕೊಡ ಎತ್ತಿದ. ಅವನಿಗೆ ಇಪ್ಪತ್ತೆರಡು ವರ್ಷದ ಸರ್ವೀಸು, ಅಷ್ಟು ಬೇಗ ಹೋಗುವುದಿಲ್ಲ.

ಇಂದು ಲೈಬ್ರರಿಯನ್ನು ಅರ್ಧ ಗಂಟೆ ಮುಂಚೆ ಮುಚ್ಚಿದ್ದೆ. ಪುಸ್ತಕಗಳಿಗೂ ವಿಶ್ರಾಂತಿ ಬೇಕು.

೧೪ ನವೆಂಬರ್, ಶನಿವಾರ

ಕರೆಂಟು ಹೋಗಿದೆ, ಮೇಣದಬತ್ತಿಯ ಬೆಳಕಿನಲ್ಲಿ ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ಅದಕ್ಕೇ.

ಬೆಳಿಗ್ಗೆ ಎಂಟರ ಬಸ್ಸಿನಲ್ಲಿ ಶಿವಮೊಗ್ಗಕ್ಕೆ ಹೊರಟೆವು. ಹದಿನಾಲ್ಕು ಹುಡುಗರು, ಏಕಾಂತಪ್ಪನವರು, ಪುಟ್ಟಯ್ಯ, ನಾನು. ನಾನು ಹೋದದ್ದು ಶಿವಮೊಗ್ಗದಲ್ಲಿ ಹೊಸ ಪುಸ್ತಕಗಳನ್ನು ನೋಡಲಿಕ್ಕೆ. ಪುಸ್ತಕದ ಅಂಗಡಿಗೆ ಹೋಗಲು ಸಮಯವಾಗಲಿಲ್ಲ.

ಪುಟ್ಟಯ್ಯ ಚೆಂಡನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಕಂಡಕ್ಟರ್ ಅದಕ್ಕೂ ಟಿಕೆಟ್ ಬೇಕೆಂದು ತಮಾಷೆ ಮಾಡಿದಾಗ ನಗಲಿಲ್ಲ. ಯಾರೂ ನಗಲಿಲ್ಲ. ಹುಡುಗರಿಗೆಲ್ಲ ಟಿಪ್ಪಣಿಯ ವಿಷಯ ಗೊತ್ತಿತ್ತು. ಇವತ್ತು ಸೋತರೆ ನಾಳೆಯಿಂದ ಅವರು ಆಡಿದ ಜಾಗದಲ್ಲಿ ಸ್ಕೂಟರು ನಿಲ್ಲುತ್ತದೆ, ಅದೂ ನನ್ನ ಸೊಗಸಾದ ಲೇಖನಿಯಿಂದ. ಒಬ್ಬನೂ ನನ್ನನ್ನು ಒಂದು ಮಾತು ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿರುತ್ತಿತ್ತು.

ಎದುರು ತಂಡದವರು ಕಟ್ಟುಮಸ್ತಾಗಿದ್ದರು. ಅವರ ಕೋಚು ಮೂರು ಜನ, ಮೂವರಿಗೂ ಒಂದೇ ಬಣ್ಣದ ಟೋಪಿ. ನಮ್ಮ ಕೋಚು ಬಳಗದಲ್ಲಿ ಒಂದು ಪಂಚೆ, ಒಂದು ಖಾಕಿ, ಒಂದು ಸೀರೆ. ನೋಡಿದವರು ಮದುವೆ ದಿಬ್ಬಣ ದಾರಿ ತಪ್ಪಿ ಬಂತು ಅಂದುಕೊಂಡಿರಬೇಕು.

ಮೊದಲಾರ್ಧ ಸೊನ್ನೆ–ಸೊನ್ನೆ. ಮುರಳಿ ಒಬ್ಬನೇ ಮೂವರನ್ನು ದಾಟಿ ದಾಟಿ ಆಡಿದ, ನಾನು ಕೂಗಿ ಕೂಗಿ ಗಂಟಲು ಕಳೆದುಕೊಂಡೆ. ವಿರಾಮದಲ್ಲಿ ಹುಡುಗರು ಲಿಂಬೆಹಣ್ಣು ಚೀಪುತ್ತಿದ್ದಾಗ ಏಕಾಂತಪ್ಪನವರು ನನ್ನನ್ನು ಪಕ್ಕಕ್ಕೆ ಕರೆದರು. ಮುರಳಿಯನ್ನು ಕೂರಿಸಿ ಆನಂದನನ್ನು ಇಳಿಸುತ್ತಾರಂತೆ.

“ಮುರಳಿ ಇಲ್ದೆ ಗೋಲು ಯಾರು ಹೊಡೀತಾರೆ?” ಎಂದೆ.

“ಗೊತ್ತಿಲ್ಲ. ಅವನಂತೂ ಇನ್ನು ಹೊಡಿಯಲ್ಲ. ನೀವು ಅವನ ಕಾಲು ನೋಡ್ತಾ ಇದೀರಿ ಮೇಡಮ್ಮೋರೆ, ಎದೆ ನೋಡಿ. ದಮ್ಮು ಮುಗ್ದದೆ. ಕಬಡ್ಡೀಲಿ ನಾವು ನೋಡೋದು ಅದೊಂದೇ. ಅವನನ್ನ ಅಟ್ಟಿಸ್ಕೊಂಡು ಓಡಿ ಆ ಮೂರು ಜನದ್ದೂ ಮುಗ್ದದೆ.”

“ಸೋತ್ರೆ?”

“ಸೋತ್ರೆ ಏಕಾಂತಪ್ಪನಿಂದ ಅಂತ ಇನ್ನೊಂದು ಅರ್ಜಿ ಬರೀರಿ. ಕೈ ಪಳಗಿದೆಯಲ್ಲ.”

ಆರು ವರ್ಷದಲ್ಲಿ ಈ ಮನುಷ್ಯ ಯಾರಿಗೂ ಎದುರಾಡಿದ್ದು ಕಂಡಿರಲಿಲ್ಲ. ನನ್ನ ಸಲಹೆಯನ್ನು ಸಾರಾಸಗಟಾಗಿ ಧಿಕ್ಕರಿಸಿ ಮುರಳಿಯ ಹೆಗಲ ಮೇಲೆ ಟವೆಲ್ ಹೊದಿಸಿದರು. ಮುರಳಿ ನನ್ನ ಮುಖ ನೋಡಿದ. ನನಗೆ ಹೇಳಲು ಬೇಕಾದಷ್ಟಿತ್ತು. ಆದರೆ ಬಾಯಿಂದ ಬಂದದ್ದು, “ಸಾರು ಹೇಳಿದ್ಮೇಲೆ ಆಯ್ತಪ್ಪ, ಕೂತ್ಕೋ.” ಯಾಕೆ ಹಾಗೆಂದೆನೋ ತಿಳಿಯದು.

ಮೂವತ್ತೈದು ನಿಮಿಷದ ದ್ವಿತೀಯಾರ್ಧದಲ್ಲಿ ಇಪ್ಪತ್ತೆರಡನೆಯ ನಿಮಿಷ. ಆನಂದ್ ಓಡಿದ. ಈ ಸಲವೂ ಚೆಂಡನ್ನು ಹಿಂದೆಯೇ ಬಿಟ್ಟು ಓಡಿದ, ಆದರೆ ಈ ಸಲ ಅವನು ಎದುರಾಳಿಗಳನ್ನು ದಾಟುವ ಮೊದಲೇ ಹಿಂದಿದ್ದವರು ಅದನ್ನು ಮುಂದಕ್ಕೆ ಕಳಿಸಿದರು. ಆ ಮೂವರು ಕಟ್ಟುಮಸ್ತಾದವರು ಸೊಂಟದ ಮೇಲೆ ಕೈಯಿಟ್ಟು ನೋಡುತ್ತಿದ್ದರು. ಚೆಂಡು ಆನಂದನ ಮೊಣಕಾಲಿಗೋ ತೊಡೆಗೋ ಬಡಿದು, ಗೋಲ್‌ಕೀಪರ್ ನಿರೀಕ್ಷಿಸಿದ ಕಡೆ ಹೋಗದೆ ಇನ್ನೊಂದು ಕಡೆ ಹೋಯಿತು. ಒದ್ದವನೂ ಆ ಕಡೆ ನಿರೀಕ್ಷಿಸಿರಲಿಲ್ಲ.

ಒಂದು–ಸೊನ್ನೆ.

ಉಳಿದ ಹದಿಮೂರು ನಿಮಿಷಗಳನ್ನು ನಾನು ನೋಡಲಿಲ್ಲ. ಕಣ್ಣು ಮುಚ್ಚಿ, ಚೆಂಡಿಗೆ ಗಾಳಿ ಹೊಡೆಯಲು ಪುಟ್ಟಯ್ಯ ತಂದಿದ್ದ ಸೈಕಲ್ ಪಂಪನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದೆ. ಮುರಳಿ ಪಕ್ಕದಲ್ಲಿ ನಿಂತು ವಿವರಣೆ ಕೊಡುತ್ತಿದ್ದ, ಅವನ ಸ್ವರ ಎಲ್ಲರಿಗಿಂತ ಜೋರಾಗಿತ್ತು. ಕೊನೆಯ ಸೀಟಿಯಾದ ಮೇಲೆ ಏಕಾಂತಪ್ಪನವರು ಗೆರೆಯ ಹತ್ತಿರ ನೆಲದ ಮೇಲೆಯೇ ಕುಕ್ಕರುಗಾಲಲ್ಲಿ ಕೂತುಬಿಟ್ಟರು. ಹತ್ತಿರ ಹೋದೆ.

“ಗೆದ್ವಾ ಮೇಡಮ್ಮೋರೆ?”

“ಗೆದ್ವಿ ಸಾರ್.”

“ಹಂಗಾದ್ರೆ ಒಂಚೂರು ನೀರು ಕೊಡ್ಸಿ.”

ಪುಟ್ಟಯ್ಯ ಕೊಡ ತಂದ. ನಾವು ಮೂವರೂ ಕುಡಿದೆವು. ಹುಡುಗರು ಆನಂದನನ್ನು ಎತ್ತಿಕೊಂಡು ಮೈದಾನ ಸುತ್ತಿದರು, ಹೊತ್ತವರಲ್ಲಿ ಮೊದಲನೆಯವನು ಮುರಳಿ. ವಾಪಸ್ ಬಸ್ಸಿನಲ್ಲಿ ಕಂಡಕ್ಟರ್ ಮತ್ತದೇ ತಮಾಷೆ ಮಾಡಿದ. ಈ ಸಲ ಡ್ರೈವರ್ ಗಾಡಿ ನಿಧಾನಿಸಿ ತಿರುಗಿ ನೋಡುವಷ್ಟು ನಕ್ಕೆವು.

೧೬ ನವೆಂಬರ್, ಸೋಮವಾರ

ಎರಡನೆಯ ಸುತ್ತಿನಲ್ಲಿ ಐದು–ಸೊನ್ನೆ ಸೋತೆವು. ಬಹಳ ಚೆನ್ನಾಗಿ ಸೋತೆವು. ಮೂರನೆಯ ಗೋಲು ಬೀಳುವವರೆಗೂ ನಮ್ಮ ರಕ್ಷಣಾ ವ್ಯೂಹದಲ್ಲಿ ಲೋಪವೇ ಇರಲಿಲ್ಲ. ಬರುವಾಗ ಎಲ್ಲರೂ ಹೋಟೆಲಿನಲ್ಲಿ ಮಸಾಲೆದೋಸೆ ತಿಂದೆವು. ಆನಂದ್ ನಾಲ್ಕು ತಿಂದ. ಅವೆಲ್ಲ ಹೋದದ್ದು ಎಲ್ಲಿಗೆ ಎಂಬುದು ಆ ಮೈಕಟ್ಟು ನೋಡಿದರೆ ತಿಳಿಯುವುದಿಲ್ಲ.

೧೮ ನವೆಂಬರ್, ಬುಧವಾರ

ಹಸಿರು ಶಾಯಿಯಲ್ಲಿ ಹೊಸ ಟಿಪ್ಪಣಿ: ತಂಡ ಮುಂದುವರಿಯತಕ್ಕದ್ದು, ಸ್ಕೂಟರ್‌ಗಳು ಎಂದಿನಂತೆ ಹುಣಸೆಮರದ ಕೆಳಗೇ ನಿಲ್ಲತಕ್ಕದ್ದು. ಜತೆಗೆ, ಗ್ರಂಥಪಾಲಕರು ತರಬೇತಿಯಲ್ಲಿ ವಿಶೇಷ ಆಸಕ್ತಿ ಹೊಂದಿರುವುದರಿಂದ ಅವರನ್ನು ತಂಡದ ಮ್ಯಾನೇಜರ್ ಎಂದು ನೇಮಿಸಲಾಗಿದೆ.

ನನಗೇನು ಆಸಕ್ತಿ. ಬೇಡವೆಂದು ಹೇಳಲು ಹೊರಟವಳು, ದಾರಿಯಲ್ಲಿ ಬಲೆಯ ವಿಷಯ ನೆನಪಾಗಿ, ಹೊಸ ಬಲೆ ಬೇಕೆಂದು ಹೇಳಿ ಬಂದೆ. ಈ ಸಲ ಅರ್ಜಿಯಲ್ಲಿ ಬಲೆಯ ಉದ್ದ, ಅಗಲ, ಕಣ್ಣಿನ ಅಳತೆ ಎಲ್ಲವನ್ನೂ ಬರೆದಿದ್ದೇನೆ.

೨೪ ನವೆಂಬರ್, ಮಂಗಳವಾರ

ಮನಸ್ಸಿಗೆ ಬೇಸರವಾಗುವ ಸಂಗತಿಯೊಂದು ನಡೆಯಿತು. ಸಂಜೆ ಅಭ್ಯಾಸದಲ್ಲಿ ನಾವು ಕೋಚುಗಳು ಮೂವರೂ ಬೆವರು ಸುರಿಸುತ್ತಿದ್ದಾಗ ಬೇಲಿಯಾಚೆಯಿಂದ ಸೆಲ್ವರಾಜ್ ಮಾಮ ಊರಿಗೆಲ್ಲ ಕೇಳುವಂತೆ ಕೂಗಿದರು.

“ಏನ್ ಕೋಚಮ್ಮಾ, ಎಡಗಡೆ ಯಾರೂ ಇಲ್ವೇ ಕಣ್ಣು, ಬಾಗಿಲು ತೆಗ್ದಿಟ್ಟು ಮಲ್ಗಿದೀರಾ ಎಲ್ರೂನೂ?”

ನಲವತ್ತನಾಲ್ಕು ವರ್ಷದ ನನ್ನನ್ನು ಇವತ್ತಿಗೂ ತಮಿಳಿನಲ್ಲಿ ಮಗುವನ್ನು ಮುದ್ದಿಸುವಂತೆ ‘ಕಣ್ಣು’ ಎಂದು ಕರೆಯುವ ಹಿರಿಯರು, ಅದಕ್ಕೇ ಸುಮ್ಮನಿದ್ದೆ. ಆದರೆ ಒಂದು ಮಾತು ಹೇಳಲೇಬೇಕು. ಬೇಲಿಯಾಚೆ ನಿಂತು ಮಾತಾಡುವುದು ಬಹಳ ಸುಲಭ. ಹುಡುಗನಿಗೆ ಜ್ವರವೋ, ಬೂಟು ಕಚ್ಚಿದೆಯೋ, ಮನೆಯಲ್ಲಿ ಪರೀಕ್ಷೆಗೆ ಬೈದಿದ್ದಾರೋ, ಅವರಿಗೇನು ಗೊತ್ತು. ಇಂಥ ಟೀಕಾಕಾರರಿಂದಲೇ ಆಟ ಹಾಳಾಗುವುದು. ಇದನ್ನು ಊಟದ ಹೊತ್ತಿನಲ್ಲಿ ಹೇಳಿದಾಗ ನಮ್ಮ ಮನೆಯವರು ಮಜ್ಜಿಗೆಯ ಲೋಟವನ್ನು ಮುಖಕ್ಕೆ ಅಡ್ಡ ಹಿಡಿದು ಬಹಳ ಹೊತ್ತು ಕುಡಿದರು. ಕವನಾ ಎದ್ದು ಅಡುಗೆಮನೆಗೆ ಹೋದಳು. ಅಲ್ಲಿ ಯಾರೋ ಕಿಸಕ್ಕನೆ ನಕ್ಕಂಥ ಸದ್ದು.

ಎಡಗಡೆ ನಿಜವಾಗಿಯೂ ಯಾರೂ ಇರಲಿಲ್ಲ. ಅದು ಬೇರೆ ವಿಷಯ. ನಾಳೆ ಬೆಳಿಗ್ಗೆ ಆರಕ್ಕೇ ಮೈದಾನಕ್ಕೆ ಹೋಗಿ ಏಕಾಂತಪ್ಪನವರ ಜತೆ ಕೂತು ಅದನ್ನು ಸರಿಮಾಡಬೇಕು. ಸಂಜೆ ಕಾರ್ಖಾನೆಯ ಹಳಬರ ತಂಡದ ಜತೆ ಆಟವಿದೆ.

ನಾನಿಲ್ಲದಾಗ ಈ ದಿನಚರಿಯನ್ನು ಯಾರೋ ಓದುತ್ತಾರೆ ಎಂಬುದು ನನಗೆ ಗೊತ್ತು, ಪುಟದ ಮೂಲೆ ಮಡಿಚಿರುತ್ತದೆ. ಯಾರೇ ಆಗಿರಿ, ಬೈಯುವುದಿಲ್ಲ. ಒಂದು ಉಪಕಾರ ಮಾಡಿ. ಹಿತ್ತಲಿನ ತಂತಿಯ ಮೇಲೆ ಹದಿನಾಲ್ಕು ಜೆರ್ಸಿಗಳನ್ನು ಒಗೆದು ಹಾಕಿದ್ದೇನೆ. ಒಂಬತ್ತು ಗಂಟೆಗೆ ಬಿಸಿಲು ಬಂದ ಮೇಲೆ ಅವನ್ನು ಒಂದು ಸಲ ತಿರುವಿ ಹಾಕಿಬಿಡಿ. ಹನ್ನೊಂದನೇ ನಂಬರಿನದು ಬಣ್ಣ ಬಿಡುತ್ತದೆ, ಅದನ್ನು ಮಾತ್ರ ಸ್ವಲ್ಪ ದೂರ ಹಾಕಿ.